ಎಣಿಸುವುದು ಮತ್ತು ಅಳೆಯುವುದು: ಕನ್ನಡದ ಮಕ್ಕಳೂ ಇಂಗ್ಲಿಷಿನ ಪರಿಮಾಣವಾಚಕಗಳೂ

(ಶತಮಾನೋತ್ಸವದ ಅಂಗವಾಗಿ ನಡೆದ ಶೈಕ್ಷಣಿಕ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಾಠ)



ಶಾಲೆಯ ನೂರು ವರುಷಗಳ ನಡೆಯನ್ನು ಕುರಿತು ಹಿರಿಯರು ಬೆಳಗಿನಿಂದ ಮನಮುಟ್ಟುವಂತೆ ಮಾತನಾಡಿದ್ದಾರೆ. ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಹುಟ್ಟಿ, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆಯೂ ಕನ್ನಡದಲ್ಲಿಯೇ ಪಾಠ ಹೇಳುತ್ತ ಬಂದ ಶಾಲೆ ನಮ್ಮದು. ಆ ಚರಿತ್ರೆಯನ್ನು ನಾವು ಮರಳಿ ಹೇಳಹೊರಟರೆ ಹೇಳಿದ್ದನ್ನೇ ಹೇಳಿದಂತಾದೀತು. ಆದುದರಿಂದ ನಮ್ಮ ಪಾಲಿಗೆ ಬಂದ ಹೊತ್ತನ್ನು ಒಂದು ಚಿಕ್ಕ ವ್ಯಾಕರಣದ ವಿಷಯಕ್ಕೆ, ಅದೂ ಇಂಗ್ಲಿಷ್ ವ್ಯಾಕರಣದ ವಿಷಯಕ್ಕೆ ಮೀಸಲಿಡಲು ನಿಮ್ಮ ಅನುಮತಿಯನ್ನು ಬೇಡುತ್ತೇವೆ. ಎಣಿಸಬಹುದಾದ ವಸ್ತುಗಳಿಗೆ ಒಂದು ಬಗೆಯ ಪರಿಮಾಣದ ಮಾತು, ಎಣಿಸಲು ಬಾರದವುಗಳಿಗೆ ಇನ್ನೊಂದು ಬಗೆಯ ಮಾತು ಎಂಬ ಇಂಗ್ಲಿಷಿನ ಕಟ್ಟಳೆಯೇ ಆ ವಿಷಯ.

ಕನ್ನಡ ಶಾಲೆಯ ಶತಮಾನೋತ್ಸವದಲ್ಲಿ ಇಂಗ್ಲಿಷ್ ವ್ಯಾಕರಣವೇಕೆ ಎಂದು ನೀವು ಕೇಳಬಹುದು. ಪ್ರತಿ ಜೂನ್ ತಿಂಗಳಲ್ಲಿ ಮಳೆಯ ಜೊತೆಗೇ ನಮ್ಮ ಕಚೇರಿಯ ಬಾಗಿಲಿಗೆ ಒಂದು ಪ್ರಶ್ನೆ ಬರುತ್ತದೆ. ಕೊಡೆಯನ್ನು ಮಡಚಿ ಜಗಲಿಯಲ್ಲಿ ಒರಗಿಸಿ, ಮಗುವಿನ ಕೈಹಿಡಿದು ಒಳಬಂದ ತಾಯಿ ಕೇಳುತ್ತಾಳೆ: “ಟೀಚರೇ, ಕನ್ನಡದಲ್ಲಿ ಕಲಿತರೆ ನಮ್ಮ ಮಗುವಿಗೆ ಇಂಗ್ಲಿಷ್ ಬಂದೀತೇ?” ಈ ಪ್ರಶ್ನೆಗೆ ಬರಿಯ ಅಭಿಮಾನದ ಮಾತಿನಿಂದ ಉತ್ತರ ಕೊಡಲಾಗದು. ತರಗತಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ತೋರಿಸಿಯೇ ಉತ್ತರ ಹೇಳಬೇಕು. ಆ ಉತ್ತರದ ಒಂದು ತುಣುಕನ್ನು ಇಂದು ನಿಮ್ಮ ಮುಂದಿಡುತ್ತಿದ್ದೇವೆ.

ಮೊದಲು ಕಟ್ಟಳೆಯನ್ನು ನೋಡೋಣ. ಇಂಗ್ಲಿಷ್ ಭಾಷೆ ತನ್ನ ನಾಮಪದಗಳನ್ನು ಎರಡು ಸಾಲಾಗಿ ನಿಲ್ಲಿಸುತ್ತದೆ. ಪುಸ್ತಕ, ಮರ, ಮಗು, ರೂಪಾಯಿ ಮುಂತಾದವು ಎಣಿಕೆಗೆ ಸಿಗುವಂಥವು; ಅವುಗಳಿಗೆ ಬಹುವಚನವುಂಟು. ನೀರು, ಹಾಲು, ಅಕ್ಕಿ, ಮರಳು, ಚಿನ್ನ ಮುಂತಾದವು ಅಳತೆಗೆ ಸಿಗುವಂಥವು. ಅವುಗಳಿಗೆ ಸಾಮಾನ್ಯವಾಗಿ ಬಹುವಚನವಿಲ್ಲ. ಮೊದಲನೆಯ ಸಾಲಿಗೆ ‘ಮೆನಿ’, ‘ಫ್ಯೂ’, ‘ಎ ಫ್ಯೂ’, ‘ಸೆವೆರಲ್’ ಎಂಬ ಮಾತುಗಳು ಹೊಂದುತ್ತವೆ. ಎರಡನೆಯ ಸಾಲಿಗೆ ‘ಮಚ್’, ‘ಲಿಟಲ್’, ‘ಎ ಲಿಟಲ್’ ಎಂಬವು ಹೊಂದುತ್ತವೆ. ‘ಸಮ್’, ‘ಎನಿ’, ‘ಇನಫ್’, ‘ಎ ಲಾಟ್ ಆಫ್’, ‘ಪ್ಲೆಂಟಿ ಆಫ್’ ಎಂಬವು ಎರಡು ಸಾಲಿಗೂ ಸಲ್ಲುತ್ತವೆ. ‘ಈಚ್’, ‘ಎವ್ರಿ’ ಎಂಬವು ಎಣಿಕೆಯ ಪದದ ಏಕವಚನದ ಜೊತೆಗೆ ಮಾತ್ರ ಬರುತ್ತವೆ. ‘ಮೆನಿ ಬುಕ್ಸ್’ ಸರಿ, ‘ಮಚ್ ವಾಟರ್’ ಸರಿ. ಇವೆರಡನ್ನು ಅದಲುಬದಲು ಮಾಡಿದರೆ ತಪ್ಪು. ಹಲಗೆಯ ಮೇಲೆ ಬರೆದರೆ ಐದು ನಿಮಿಷದ ಪಾಠ. ಆದರೆ ಮಕ್ಕಳ ಉತ್ತರ ಪತ್ರಿಕೆಯಲ್ಲಿ ಅದು ನೆಲೆಯಾಗಲು ಐದು ವರುಷವಾದರೂ ಸಾಲದು. ಏಕೆ?

ನಮ್ಮ ತರಗತಿಯಲ್ಲಿ ಕುಳಿತ ಮಗುವಿನ ನಾಲಗೆಯನ್ನು ಒಮ್ಮೆ ಗಮನಿಸಿ. ಪಾಠ ಕನ್ನಡದಲ್ಲಿ, ಮನೆಯಲ್ಲಿ ತುಳುವೋ ಮಲಯಾಳವೋ ಹವ್ಯಕ ಕನ್ನಡವೋ ಕೊಂಕಣಿಯೋ ಇದ್ದೀತು. ಕನ್ನಡದಲ್ಲಿ ‘ಎಷ್ಟು ಪುಸ್ತಕ’ ಎನ್ನುತ್ತೇವೆ, ‘ಎಷ್ಟು ನೀರು’ ಎಂದೂ ಎನ್ನುತ್ತೇವೆ. ತುಳುವಿನ ‘ಏತ್’ ಎರಡಕ್ಕೂ ಸಲ್ಲುತ್ತದೆ, ಮಲಯಾಳದ ‘ಎತ್ರ’ವೂ ಹಾಗೆಯೇ. ಕೇಳುವ ಮಾತು ಒಂದೇ ಇರುವಾಗ, ಅದನ್ನು ‘ಹೌ ಮೆನಿ’ ಎಂದೂ ‘ಹೌ ಮಚ್’ ಎಂದೂ ಒಡೆದು ಹೇಳಬೇಕೆಂದರೆ ಮಗು ಗೊಂದಲಕ್ಕೆ ಬೀಳುವುದು ಸಹಜ. ‘ಫೈವ್ ಬುಕ್’ ಎಂದು ಬರೆಯುವುದೂ ಸಹಜ. ಏಕೆಂದರೆ ‘ಐದು ಪುಸ್ತಕ’ ಎಂಬುದು ನಮ್ಮಲ್ಲಿ ಸಲ್ಲುವ ಮಾತು. ‘ಐದು’ ಎಂದ ಮೇಲೆ ಬಹುತ್ವ ತಿಳಿದೇ ಹೋಯಿತು, ‘ಗಳು’ ಹಚ್ಚಲೇಬೇಕೆಂಬ ಬಲವಂತ ಕನ್ನಡಕ್ಕಿಲ್ಲ.

ಆದರೆ ಎಣಿಕೆಯ ಭೇದವೇ ಕನ್ನಡದಲ್ಲಿಲ್ಲವೆಂದು ಯಾರೂ ತಿಳಿಯಬಾರದು. ಪುಸ್ತಕವಾದರೆ ಎರಡು, ಮೂರು, ನಾಲ್ಕು. ಮನುಷ್ಯರಾದರೆ ಇಬ್ಬರು, ಮೂವರು, ನಾಲ್ವರು. ತುಳುವಿನಲ್ಲಿಯೂ ವಸ್ತುವಿಗೆ ‘ರಡ್ಡ್’, ಜನರಿಗೆ ‘ಇರ್ವೆರ್’. ‘ಎರಡು ಅಕ್ಕಂದಿರು ಬಂದರು’ ಎಂದು ಒಂದನೆಯ ತರಗತಿಯ ಮಗುವೂ ಹೇಳುವುದಿಲ್ಲ. ‘ಇಬ್ಬರು ಅಕ್ಕಂದಿರು’ ಎಂದೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಈ ಭೇದವಿಲ್ಲ; ಅಲ್ಲಿ ಕಲ್ಲಿಗೂ ‘ಟೂ’, ಕವಿಗೂ ‘ಟೂ’. ಅಂದರೆ ಎಣಿಸುವಾಗ ಲೋಕವನ್ನು ವಿಂಗಡಿಸುವುದು ಹಲವು ಭಾಷೆಗಳಿಗೆ ಇರುವ ಗುಣ. ಕನ್ನಡ ಇದು ಮನುಷ್ಯನೋ ವಸ್ತುವೋ ಎಂದು ಕೇಳುತ್ತದೆ. ಇಂಗ್ಲಿಷ್ ಇದು ಬಿಡಿಯೋ ರಾಶಿಯೋ ಎಂದು ಕೇಳುತ್ತದೆ. ಈ ಮಾತನ್ನು ಹೀಗೆ ಮುಂದಿಟ್ಟಾಗ ಮಕ್ಕಳ ಮುಖ ಅರಳಿದ್ದನ್ನು ನಾವು ಹಲವು ಸಲ ಕಂಡಿದ್ದೇವೆ. ತಮ್ಮ ಭಾಷೆಯಲ್ಲಿಯೂ ಇಂಗ್ಲಿಷ್ ಮಕ್ಕಳು ಕಷ್ಟಪಟ್ಟು ಕಲಿಯಬೇಕಾದ ಕಟ್ಟಳೆಯೊಂದು ಇದೆ, ಅದು ತಮಗೆ ಆಗಲೇ ಬಂದಿದೆ ಎಂಬ ಅರಿವು ಮಗುವಿಗೆ ಕೊಡುವ ಧೈರ್ಯ ಸಣ್ಣದಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಇಂಗ್ಲಿಷ್ ಬೇಡುವ ಭೇದವೂ ನಮ್ಮಲ್ಲಿ ಇಲ್ಲದಿಲ್ಲ. ಕನ್ನಡ ವ್ಯಾಕರಣದ ಪಾಠದಲ್ಲಿ ಸಂಖ್ಯಾವಾಚಕವನ್ನೂ ಪರಿಮಾಣವಾಚಕವನ್ನೂ ನಾವು ಕಲಿಸುತ್ತೇವೆ. ‘ಅಷ್ಟು, ಇಷ್ಟು, ಹಲವು, ಕೆಲವು’ ಎಂದು ಮಕ್ಕಳು ಉದಾಹರಣೆ ಒಪ್ಪಿಸುತ್ತಾರೆ. ಅಲ್ಲಿಯೇ ನಿಲ್ಲಿಸಿ ಒಂದು ಪ್ರಶ್ನೆ ಕೇಳಬೇಕು: ‘ಹಲವು ಮರಗಳು’ ಎನ್ನುತ್ತೀರಿ, ‘ಹಲವು ನೀರು’ ಎನ್ನುತ್ತೀರಾ? ‘ಕೆಲವು ಹಣ್ಣುಗಳು’ ಎನ್ನುತ್ತೀರಿ, ‘ಕೆಲವು ಹಾಲು’ ಎನ್ನುತ್ತೀರಾ? ತರಗತಿಯೆಲ್ಲ ನಗುತ್ತದೆ. ‘ಸ್ವಲ್ಪ ಹಾಲು’ ಎನ್ನಬೇಕು ಎಂದು ಹಿಂದಿನ ಬೆಂಚಿನಿಂದ ಉತ್ತರ ಬರುತ್ತದೆ. ಆ ನಗುವೇ ವ್ಯಾಕರಣ. ಯಾವುದಕ್ಕೆ ‘ಕೆಲವು’ ಹೊಂದುವುದೋ ಅಲ್ಲಿ ‘ಎ ಫ್ಯೂ’, ಯಾವುದಕ್ಕೆ ‘ಸ್ವಲ್ಪ’ ಮಾತ್ರ ಹೊಂದುವುದೋ ಅಲ್ಲಿ ‘ಎ ಲಿಟಲ್’. ಆಡುಮಾತಿನಲ್ಲಿ ‘ಸ್ವಲ್ಪ ಜನ’ ಎಂಬ ಬಳಕೆ ಉಂಟು, ಒಪ್ಪೋಣ. ಆದರೆ ‘ಕೆಲವು ಹಾಲು’ ಎಂಬುದನ್ನು ಯಾರೂ ಆಡಲಾರರು.

ನಮ್ಮ ಅಜ್ಜಿಯಂದಿರ ಉಗ್ರಾಣದಲ್ಲಿ ಇದರ ಮುಂದಿನ ಪಾಠವೂ ಸಿದ್ಧವಿತ್ತು. ಅಕ್ಕಿಯನ್ನು ಯಾರೂ ಕಾಳು ಕಾಳಾಗಿ ಎಣಿಸುವುದಿಲ್ಲ. ಆದರೆ ಸೇರು, ಕಳಸೆ, ಮುಡಿಗಳನ್ನು ಎಣಿಸುತ್ತಿದ್ದರು. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ 42 ಸೇರಿನ ಅಕ್ಕಿಮುಡಿ ಅಟ್ಟದಲ್ಲಿ ಸಾಲಾಗಿ ಕುಳಿತಿರುತ್ತಿತ್ತು. ‘ಎರಡು ಮುಡಿ ಅಕ್ಕಿ’ ಎಂದಾಗ ಎರಡು ಎಂಬುದು ಮುಡಿಗೆ ಸೇರಿತೇ ಹೊರತು ಅಕ್ಕಿಗೆ ಸೇರಲಿಲ್ಲ. ಇಂಗ್ಲಿಷಿನ ‘ಟೂ ಬ್ಯಾಗ್ಸ್ ಆಫ್ ರೈಸ್’ ಎಂಬ ಕಟ್ಟಡವೂ ಇದೇ. ಅಲ್ಲಿ ‘ಬ್ಯಾಗ್’ಗೆ ಬಹುವಚನ ಬಂತು, ‘ರೈಸ್’ ಇದ್ದ ಹಾಗೆಯೇ ಇತ್ತು. ಒಂದು ಕುಡ್ತೆ ಎಣ್ಣೆ, ಒಂದು ಚಿಟಿಕೆ ಉಪ್ಪು, ಎರಡು ಅಚ್ಚು ಬೆಲ್ಲ, ಒಂದು ಗುಟುಕು ನೀರು, ಒಂದು ಸೂಡಿ ವೀಳ್ಯದೆಲೆ, ಒಂದು ಚೆಂಡು ಮಲ್ಲಿಗೆ ಎಂದು ಬೆಳೆದ ಮಗುವಿಗೆ ‘ಎ ಗ್ಲಾಸ್ ಆಫ್ ಮಿಲ್ಕ್’, ‘ಎ ಪಿಂಚ್ ಆಫ್ ಸಾಲ್ಟ್’, ‘ಎ ಶೀಟ್ ಆಫ್ ಪೇಪರ್’ ಎಂಬವು ಪರಕೀಯವಲ್ಲ. ಅದನ್ನು ನೆನಪಿಸಿಕೊಡುವ ಕೆಲಸ ಶಿಕ್ಷಕರದು.

ಇಷ್ಟೆಲ್ಲ ಹೇಳಿದ ಮೇಲೂ ತೊಡಕುಗಳು ಉಳಿಯುತ್ತವೆ, ಅವುಗಳನ್ನು ಮುಚ್ಚಿಡಬಾರದು. ಒಮ್ಮೆ ಏಳನೆಯ ತರಗತಿಯಲ್ಲಿ ‘ಮನಿ’ ಎಂಬುದು ಎಣಿಸಲು ಬಾರದ ಪದ ಎಂದು ನಾವು ಹೇಳಿದೆವು. ಹುಡುಗಿಯೊಬ್ಬಳು ಎದ್ದು ನಿಂತಳು. “ಟೀಚರೇ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಮ್ಮ ಅಪ್ಪ ದುಡ್ಡು ಎಣಿಸ್ತಾರಲ್ಲ?” ಎಂದಳು. ಎಷ್ಟು ನ್ಯಾಯವಾದ ಪ್ರಶ್ನೆ! ಎಣಿಸುವುದು ರೂಪಾಯಿಯನ್ನು, ನೋಟನ್ನು, ನಾಣ್ಯವನ್ನು. ಅವು ಎಣಿಕೆಯ ಪದಗಳು. ‘ಮನಿ’ ಎಂಬುದು ಅವೆಲ್ಲವೂ ಸೇರಿದ ರಾಶಿಯ ಹೆಸರು. ‘ಮೆನಿ ರುಪೀಸ್’, ಆದರೆ ‘ಮಚ್ ಮನಿ’. ಹಾಗೆಯೇ ಮೇಜು, ಕುರ್ಚಿಗಳನ್ನು ಎಣಿಸಬಹುದು. ಅವುಗಳ ರಾಶಿಯ ಹೆಸರಾದ ‘ಫರ್ನಿಚರ್’ ಅನ್ನು ಎಣಿಸಲಾಗದು. ಪೆಟ್ಟಿಗೆಗಳನ್ನು ಎಣಿಸಬಹುದು, ‘ಲಗೇಜ್’ ಅನ್ನು ಎಣಿಸಲಾಗದು. ವಸ್ತುವಿನ ಸ್ವಭಾವವೊಂದೇ ಇದನ್ನು ನಿರ್ಧರಿಸುವುದಿಲ್ಲ. ಆ ಭಾಷೆ ಅದನ್ನು ಹೇಗೆ ನೋಡಲು ಒಪ್ಪಿದೆ ಎಂಬುದೂ ನಿರ್ಧರಿಸುತ್ತದೆ. ನಮ್ಮಲ್ಲಿ ತೆಂಗಿನಕಾಯಿಯನ್ನು ಒಂದು ಕಾಲದಲ್ಲಿ ನೂರರ ಲೆಕ್ಕದಲ್ಲಿ ಮಾರುತ್ತಿದ್ದೆವು, ಈಗ ಕಿಲೋ ಲೆಕ್ಕದಲ್ಲಿ ಮಾರುತ್ತೇವೆ. ಕಾಯಿ ಬದಲಾಗಲಿಲ್ಲ, ನೋಡುವ ಬಗೆ ಬದಲಾಯಿತು.

ನಮ್ಮ ಮಕ್ಕಳು ‘ಇನ್ಫರ್ಮೇಶನ್ಸ್’, ‘ಅಡ್ವೈಸಸ್’, ‘ಹೋಮ್‌ವರ್ಕ್ಸ್’, ‘ಎಕ್ವಿಪ್‌ಮೆಂಟ್ಸ್’ ಎಂದು ಬರೆಯುವುದೂ ಇದರಿಂದಲೇ. ‘ಮಾಹಿತಿಗಳು’, ‘ಸಲಹೆಗಳು’, ‘ಉಪಕರಣಗಳು’ ಎಂಬವು ಕನ್ನಡದಲ್ಲಿ ಶುದ್ಧ ಪ್ರಯೋಗಗಳು. ಮಗು ದಡ್ಡತನದಿಂದ ತಪ್ಪಲಿಲ್ಲ. ತನ್ನ ಭಾಷೆಯ ಸರಿಯನ್ನು ಅಲ್ಲಿಗೆ ಕೊಂಡೊಯ್ಯಿತು. ಫ್ರೆಂಚ್ ಭಾಷೆಯಲ್ಲಿಯೂ ಮಾಹಿತಿ ಎಂಬ ಪದಕ್ಕೆ ಬಹುವಚನವುಂಟು. ಇಂಗ್ಲಿಷ್ ಕಲಿಯುವ ಫ್ರೆಂಚ್ ಮಕ್ಕಳಿಗೂ ಇದೇ ತಪ್ಪು ಕಾದಿರುತ್ತದೆ. ಹಾಗಾಗಿ ಇಂಥ ತಪ್ಪನ್ನು ಕನ್ನಡ ಮಾಧ್ಯಮದ ಕಳಂಕವೆಂದು ಯಾರೂ ಎಣಿಸಬೇಕಾಗಿಲ್ಲ. ಕೆಂಪು ಗೆರೆ ಎಳೆದು ಅರ್ಧ ಅಂಕ ಕಳೆಯುವುದಕ್ಕಿಂತ ‘ಎ ಪೀಸ್ ಆಫ್ ಅಡ್ವೈಸ್’ ಎಂದು ಬದಿಯಲ್ಲಿ ಬರೆದುಕೊಡುವುದು ಮೇಲು.

ಒಂದೇ ಪದ ಎರಡು ಸಾಲಿನಲ್ಲಿಯೂ ನಿಲ್ಲುವುದುಂಟು. ‘ಟೈಮ್’ ಎಂದರೆ ಹೊತ್ತು, ಆಗ ‘ಮಚ್ ಟೈಮ್’. ‘ಟೈಮ್’ ಎಂದರೆ ಸಲ, ಆಗ ‘ಮೆನಿ ಟೈಮ್ಸ್’. ಇಲ್ಲಿ ಕನ್ನಡದ ಮಗುವಿಗೆ ಅನುಕೂಲವೇ ಹೆಚ್ಚು, ಏಕೆಂದರೆ ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳಿವೆ. ಬರೆಯುವ ಕಾಗದ ‘ಪೇಪರ್’, ಎಣಿಕೆಯಿಲ್ಲ. ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ‘ಪೇಪರ್’, ಅದಕ್ಕೆ ಎಣಿಕೆಯುಂಟು. ತಲೆಯ ಮೇಲಿರುವಾಗ ‘ಹೇರ್’ ರಾಶಿ. ಊಟದ ತಟ್ಟೆಯಲ್ಲಿ ಸಿಕ್ಕಾಗ ಅದು ‘ಎ ಹೇರ್’. ಈ ಉದಾಹರಣೆಯನ್ನು ಮಕ್ಕಳು ಎಂದಿಗೂ ಮರೆಯುವುದಿಲ್ಲ.

ಈ ಕಟ್ಟಳೆಗಳು ಇಂಗ್ಲಿಷಿನಲ್ಲಿಯೂ ಕಲ್ಲಿನಲ್ಲಿ ಕೊರೆದವಲ್ಲ. ಬಟಾಣಿಗೆ ಅವರ ಹಳೆಯ ಪದ ‘ಪೀಸ್’, ಅಕ್ಕಿಯಂತೆಯೇ ರಾಶಿಯ ಪದ. ಅದರ ಕೊನೆಯ ಸಕಾರವನ್ನು ಬಹುವಚನವೆಂದು ಜನ ತಪ್ಪಾಗಿ ತಿಳಿದು ‘ಪೀ’ ಎಂಬ ಏಕವಚನವನ್ನು ಹುಟ್ಟಿಸಿದರು; ಇಂದು ಅದೇ ಶುದ್ಧ ರೂಪ. ಎಣಿಕೆಯ ಪದಕ್ಕೆ ‘ಲೆಸ್’ ಸಲ್ಲದು, ‘ಫ್ಯೂಅರ್’ ಬೇಕು ಎಂಬ ನಿಯಮದ ಮೂಲವನ್ನು ರಾಬರ್ಟ್ ಬೇಕರ್ ಎಂಬವರು 1770ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಗುರುತಿಸುತ್ತಾರೆ. ಅವರು ಅದನ್ನು ತಮಗೆ ಮೆಚ್ಚಿನ ಬಳಕೆ ಎಂದಷ್ಟೇ ಹೇಳಿದ್ದರು; ಮುಂದಿನವರು ನಿಯಮ ಮಾಡಿದರು. ಒಂಬತ್ತನೆಯ ಶತಮಾನದ ಆಲ್ಫ್ರೆಡ್ ದೊರೆಯ ಬರಹದಲ್ಲಿಯೇ ‘ಲೆಸ್’ ಪದದ ಹಳೆಯ ರೂಪ ಎಣಿಕೆಯ ಪದದ ಜೊತೆಗೆ ಬಂದಿದೆ. ಇಂದಿಗೂ ‘ಲೆಸ್ ದ್ಯಾನ್ ಟೆನ್ ಕಿಲೋಮೀಟರ್ಸ್’ ಎಂಬುದೇ ಸಹಜವಾದ ಮಾತು, ಏಕೆಂದರೆ ಅಲ್ಲಿ ಹತ್ತು ಕಿಲೋಮೀಟರು ಒಂದೇ ದೂರವಾಗಿ ಕಾಣುತ್ತದೆ. ಇದನ್ನೆಲ್ಲ ಹೇಳುವ ಉದ್ದೇಶ ನಿಯಮವನ್ನು ಸಡಿಲಿಸುವುದಲ್ಲ. ಪರೀಕ್ಷೆಗೂ ಅರ್ಜಿಗೂ ನಿಯಮ ತಿಳಿದಿರಲೇಬೇಕು. ಆದರೆ ಭಯದಿಂದ ಕಲಿತ ನಿಯಮ ನಾಲಗೆಗೆ ಇಳಿಯುವುದಿಲ್ಲ.

ಇನ್ನು ನಮ್ಮದೇ ಒಂದು ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ, ಆ ಸಂಖ್ಯೆಯ ಮೇಲೆ ಡಿವಿಜನ್‌ಗಳೂ ಶಿಕ್ಷಕರ ಹುದ್ದೆಗಳೂ ನಿಲ್ಲುತ್ತವೆ ಎಂಬುದು ಇಲ್ಲಿರುವ ಎಲ್ಲರಿಗೂ ತಿಳಿದದ್ದೇ. ಕೆಲವು ವರುಷಗಳ ಹಿಂದೆ ಒಂದು ತರಗತಿಯ ಡಿವಿಜನ್ ಕೈತಪ್ಪುವ ಸ್ಥಿತಿ ಬಂದಿತ್ತು. ‘ಇನ್ನೂ ಕೆಲವು ಮಕ್ಕಳು ಈ ವಾರದಲ್ಲಿ ಸೇರಲಿದ್ದಾರೆ, ದಯವಿಟ್ಟು ಪರಿಗಣಿಸಬೇಕು’ ಎಂದು ಕಚೇರಿಯೊಂದಕ್ಕೆ ಇಂಗ್ಲಿಷಿನಲ್ಲಿ ಪತ್ರ ಬರೆದೆವು. ಅವಸರದಲ್ಲಿ ‘ಫ್ಯೂ ಚಿಲ್ಡ್ರನ್ ವಿಲ್ ಜಾಯಿನ್’ ಎಂದು ಬರೆದೆವು. ಮರುದಿನ ಅಲ್ಲಿಂದ ಫೋನ್ ಬಂತು. ಮಾತನಾಡಿದವರು ಸಜ್ಜನರು, ಸೌಮ್ಯವಾಗಿಯೇ ಕೇಳಿದರು: “ಮಕ್ಕಳು ಸೇರುವುದೇ ಕಡಿಮೆ ಎಂದು ನೀವೇ ಬರೆದಿದ್ದೀರಲ್ಲ ಟೀಚರ್, ಮತ್ತೆ ವಿನಂತಿ ಯಾವುದಕ್ಕೆ?” ನಾವು ಬರೆಯಬೇಕಾಗಿದ್ದದ್ದು ‘ಎ ಫ್ಯೂ’. ಆ ಒಂದಕ್ಷರ ಬಿಟ್ಟುಹೋಗಿ, ಬರಲಿರುವ ಮಕ್ಕಳು ಬಾರದವರಾದರು.

ಆ ವರುಷ ಡಿವಿಜನ್ ಹೋಯಿತು. ಅದು ಹೋದದ್ದು ಆ ಪತ್ರದಿಂದಲ್ಲ, ತಲೆಯ ಎಣಿಕೆಯಿಂದ. ಸತ್ಯವನ್ನು ಸತ್ಯವಾಗಿಯೇ ಹೇಳಬೇಕು. ಆದರೂ ಎರಡು ದಶಕಗಳ ಕಾಲ ‘ಫ್ಯೂ’ ಮತ್ತು ‘ಎ ಫ್ಯೂ’ ಪಾಠವನ್ನು ಹಲಗೆಯ ಮೇಲೆ ಬರೆದ ಕೈಯೇ ಆ ಪತ್ರವನ್ನು ಬರೆದದ್ದೆಂಬುದು ನಮ್ಮನ್ನು ಬಹಳ ದಿನ ಕಾಡಿತು. ನಿಯಮ ನಮಗೆ ಗೊತ್ತಿತ್ತು. ಆದರೆ ಅದು ನಮ್ಮ ಕನ್ನಡದ ಕಿವಿಗೆ ಕೇಳಿಸಿರಲಿಲ್ಲ.

ಆ ನೋವಿನಲ್ಲಿಯೇ ನಾವು ಒಂದು ಹೊಸ ದಾರಿಯನ್ನು ಕಂಡೆವು. ಕನ್ನಡದಲ್ಲಿ ‘ಕೆಲವು ಮಕ್ಕಳು ಬಂದರು’ ಎಂದರೆ ಬಂದರಲ್ಲ ಎಂಬ ಸಮಾಧಾನ. ‘ಕೆಲವೇ ಮಕ್ಕಳು ಬಂದರು’ ಎಂದರೆ ಹೆಚ್ಚಿನವರು ಬರಲಿಲ್ಲವಲ್ಲ ಎಂಬ ಕೊರಗು. ನಡುವಿನ ಅಂತರ ಒಂದು ಏಕಾರ. ಇಂಗ್ಲಿಷಿನ ‘ಎ ಫ್ಯೂ’ ನಮ್ಮ ‘ಕೆಲವು’. ಬರಿಯ ‘ಫ್ಯೂ’ ನಮ್ಮ ‘ಕೆಲವೇ’. ‘ಎ ಲಿಟಲ್ ಮಿಲ್ಕ್’ ಎಂದರೆ ಸ್ವಲ್ಪ ಹಾಲಿದೆ, ಚಹಾಕ್ಕೆ ಸಾಕು. ‘ಲಿಟಲ್ ಮಿಲ್ಕ್’ ಎಂದರೆ ಹಾಲು ಇಲ್ಲವೆನ್ನುವಷ್ಟೇ ಇದೆ. ಅವರು ಪದದ ಮುಂದೆ ಒಂದಕ್ಷರವಿಟ್ಟು ಭರವಸೆಯನ್ನು ತರುತ್ತಾರೆ; ನಾವು ಪದದ ಕೊನೆಗೆ ಒಂದಕ್ಷರ ಹಚ್ಚಿ ಭರವಸೆಯನ್ನು ತೆಗೆಯುತ್ತೇವೆ. ಈ ರೀತಿ ಹೇಳಿಕೊಟ್ಟ ಮೇಲೆ ನಮ್ಮ ಮಕ್ಕಳು ಈ ಎರಡನ್ನು ತಪ್ಪಿದ್ದು ಕಡಿಮೆ. ಕನ್ನಡದ ಏಕಾರವನ್ನು ಬಲ್ಲ ಮಗುವಿಗೆ ಮಾತ್ರ ಈ ದಾರಿ ತೆರೆದಿರುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ.

ರಕ್ಷಕರಲ್ಲಿ ಎರಡು ವಿನಂತಿಗಳಿವೆ. ಮನೆಗೆ ಸಾಮಾನಿನ ಪಟ್ಟಿ ಬರೆಯುವಾಗ ಮಗುವನ್ನು ಜೊತೆಗೆ ಕುಳ್ಳಿರಿಸಿ, ಎಣಿಸುವ ಸಾಮಾನು ಒಂದು ಕಡೆ, ಅಳೆಯುವ ಸಾಮಾನು ಇನ್ನೊಂದು ಕಡೆ ಬರೆಯಿಸಿ. ಶಾಲೆಯಲ್ಲಿ ಮಧ್ಯಾಹ್ನದ ಊಟದ ಉಗ್ರಾಣದ ಪಟ್ಟಿಯಿಂದಲೇ ನಾವು ಇದನ್ನು ಮಾಡಿಸುತ್ತೇವೆ: ಮೊಟ್ಟೆ, ತೆಂಗಿನಕಾಯಿ ಒಂದು ಸಾಲು, ಅಕ್ಕಿ, ಎಣ್ಣೆ, ಹಾಲು ಇನ್ನೊಂದು ಸಾಲು. ಇಂಗ್ಲಿಷ್ ಆಮೇಲೆ ಬಂದರೆ ಸಾಕು. ಎರಡನೆಯದಾಗಿ, ಮಗು ತಪ್ಪು ಇಂಗ್ಲಿಷ್ ಆಡಿದಾಗ ನಗಬೇಡಿ, ನೆಂಟರ ಮುಂದೆ ಆಡಿಸಿ ಪರೀಕ್ಷಿಸಬೇಡಿ. ಮಗು ‘ಮೆನಿ ವಾಟರ್’ ಎಂದರೆ ನೀವು ‘ಎ ಲಾಟ್ ಆಫ್ ವಾಟರ್’ ಎಂದು ಸುಮ್ಮನೆ ಮರುನುಡಿದುಬಿಡಿ. ಇಂಗ್ಲಿಷರ ದಿನಬಳಕೆಯ ಮಾತಿನಲ್ಲಿ ‘ಮಚ್’ ಹೆಚ್ಚಾಗಿ ಬರುವುದು ಪ್ರಶ್ನೆಯಲ್ಲಿ ಮತ್ತು ಇಲ್ಲವೆನ್ನುವಾಗ. ಇದೆಯೆನ್ನುವಾಗ ‘ಎ ಲಾಟ್ ಆಫ್’ ಎಂಬುದೇ ಹಿತ.

ಶಾಲೆಯ ಕೊರತೆಯನ್ನೂ ಹೇಳಬೇಕು. ಇಂಗ್ಲಿಷನ್ನು ನಾವು ಬರೆಯಿಸಿದಷ್ಟು ಆಡಿಸಿಲ್ಲ. ಹಳೆವಿದ್ಯಾರ್ಥಿಗಳಲ್ಲಿ ಹಲವರು ದೂರದ ಊರುಗಳಲ್ಲಿ ಇಂಗ್ಲಿಷಿನಲ್ಲಿಯೇ ಕೆಲಸ ನಡೆಸುವವರು. ಊರಿಗೆ ಬಂದಾಗ ಒಂದು ಗಂಟೆ ಮಕ್ಕಳ ಜೊತೆ ಕುಳಿತು ಮಾತನಾಡಿ ಹೋದರೆ ಅದು ಕಟ್ಟಡದ ಕೊಡುಗೆಗಿಂತ ಕಿರಿದಲ್ಲ. ಹಲವು ಭಾಷೆಗಳನ್ನು ಬಲ್ಲ ಮಂಜೇಶ್ವರದ ಗೋವಿಂದ ಪೈಗಳು ಬಾಳಿದ ನೆಲವಿದು. ಇನ್ನೊಂದು ಭಾಷೆಗೆ ಅಂಜುವುದು ಈ ನೆಲದ ಸ್ವಭಾವವಲ್ಲ, ಅದಕ್ಕಾಗಿ ತನ್ನದನ್ನು ಬಿಡುವುದೂ ಅಲ್ಲ.

ಬರುವ ಜೂನ್‌ನಲ್ಲಿ ಆರನೆಯ ಕೆಲಸದ ದಿನ ಮತ್ತೆ ನಮ್ಮ ಮಕ್ಕಳ ತಲೆ ಎಣಿಸುತ್ತಾರೆ. ಸಂಖ್ಯೆ ಎಷ್ಟಿದ್ದೀತೆಂದು ಈಗಲೇ ಹೇಳಲಾರೆವು. ಆದರೆ ಬಾಗಿಲಲ್ಲಿ ಕೊಡೆ ಮಡಚುವ ತಾಯಿಗೆ ‘ಬಂದೀತು ತಾಯಿ, ಕನ್ನಡದ ಮೂಲಕವೇ ಬಂದೀತು’ ಎಂದು ಉತ್ತರ ಹೇಳಲು ನಾವು ಸಿದ್ಧರಿದ್ದೇವೆ. ಯಾರಾದರೂ ಈ ಶಾಲೆಯ ಮಕ್ಕಳ ಬಗ್ಗೆ ಇಂಗ್ಲಿಷಿನಲ್ಲಿ ಬರೆಯಿರೆಂದರೆ, ಈ ಸಲ ‘ಎ’ ಎಂಬ ಅಕ್ಷರವನ್ನು ನಾವು ಮರೆಯುವುದಿಲ್ಲ. ‘ಕೆಲವೇ’ ಅಲ್ಲ, ‘ಕೆಲವರು’, ಇನ್ನೂ ಬರುವವರಿದ್ದಾರೆ.